ಘಾಟಿ ಹತ್ತುವ ಲಾರಿಗೆ ಎಂತಹ ಗಿಯರು?

ಪುತ್ತೂರಿನಿಂದ ಸುಳ್ಯದ ಮಾರ್ಗವಾಗಿ ಮಡಿಕೇರಿಗೆ ಹೊರಟ ಲಾರಿಯೊಂದನ್ನು ಕಲ್ಪಿಸಿಕೊಳ್ಳೋಣ. ಸಂಪಾಜೆ ದಾಟಿ ಘಾಟಿಯ ಏರು ತೊಡಗಿದೊಡನೆ ಅದರ ದನಿಯೇ ಬೇರೆಯಾಗುತ್ತದೆ. ವೇಗ ಕುಗ್ಗುತ್ತದೆ, ಯಂತ್ರದ ಮೊರೆತ ಹೆಚ್ಚುತ್ತದೆ. ಕಡಬ ತಾಲ್ಲೂಕಿನ ಗುಂಡ್ಯದಿಂದ ಶಿರಾಡಿ ಘಾಟಿಯನ್ನು ಏರುವ ಲಾರಿಯ ಪಾಡೂ ಇದೇ. ಯಂತ್ರ ಅದೇ, ಹೊರೆ ಅದೇ. ಬದಲಾದುದು ಗಿಯರಿನ ಅನುಪಾತ.

ಹಾರೆಯಿಂದ ಕಲ್ಲನ್ನು ಮೀಟುವಾಗ ನಮ್ಮ ಕೈ ಹೆಚ್ಚು ದೂರ ಚಲಿಸುತ್ತದೆ, ಕಲ್ಲು ಅಲ್ಪವೇ ಏಳುತ್ತದೆ. ಆದರೆ ಬಲ ಹಲವು ಪಟ್ಟಾಗುತ್ತದೆ. ಸಣ್ಣ ಹಲ್ಲುಚಕ್ರವು ದೊಡ್ಡದನ್ನು ತಿರುಗಿಸುವಾಗಲೂ ಹೀಗೆಯೇ: ವೇಗ ಎಷ್ಟು ಪಟ್ಟು ತಗ್ಗುವುದೋ ತಿರುಗುಬಲ ಅಷ್ಟೇ ಪಟ್ಟು ಹೆಚ್ಚುವುದು. ಲಾರಿಯಲ್ಲಿ ಈ ಕಾರ್ಯ ಎರಡು ಕಡೆ ನಡೆಯುತ್ತದೆ. ಗಿಯರುಪೆಟ್ಟಿಗೆಯ ಅನುಪಾತವನ್ನು ಚಾಲಕನು ಬದಲಿಸಬಲ್ಲನು. ಹಿಂದಿನ ಆಕ್ಸಲಿನ ಅನುಪಾತವು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಇವೆರಡರ ಗುಣಲಬ್ಧವೇ ಒಟ್ಟು ಅನುಪಾತ.

ಒಂದು ಲೆಕ್ಕವನ್ನು ಮಾಡೋಣ. ಲಾರಿಯ ಒಟ್ಟು ದ್ರವ್ಯರಾಶಿ 25 ಟನ್ ಇರಲಿ. ದಾರಿಯು 15 ಮೀಟರಿಗೆ 1 ಮೀಟರಿನಂತೆ ಏರಲಿ. ಲಾರಿಯನ್ನು ಹಿಂದಕ್ಕೆಳೆಯುವ ಬಲ 25,000 × 9.8 ÷ 15, ಎಂದರೆ ಸುಮಾರು 16,330 ನ್ಯೂಟನ್. ಚಕ್ರಗಳ ಉರುಳುವಿಕೆಯ ಪ್ರತಿರೋಧವನ್ನು ಭಾರದ ನೂರರಲ್ಲೊಂದು ಪಾಲೆಂದು ಹಿಡಿದರೆ ಇನ್ನೂ 2,450. ಒಟ್ಟು 18,780 ನ್ಯೂಟನ್. ಚಕ್ರದ ತ್ರಿಜ್ಯ ಅರ್ಧ ಮೀಟರಾದರೆ ಬೇಕಾದ ತಿರುಗುಬಲ 9,390 ನ್ಯೂಟನ್-ಮೀಟರು. ಯಂತ್ರವು 700 ಕೊಡುವುದೆಂದೂ, ಹಾದಿಯಲ್ಲಿ ಹತ್ತರಲ್ಲೊಂದು ಪಾಲು ನಷ್ಟವಾಗುವುದೆಂದೂ ಎಣಿಸಿದರೆ ಉಳಿಯುವುದು 630. 9,390ನ್ನು 630ರಿಂದ ಭಾಗಿಸಿದರೆ ದೊರೆಯುವುದು 14.9. ಒಟ್ಟು ಅನುಪಾತ ಇದಕ್ಕಿಂತ ಕಡಿಮೆಯಿರಬಾರದು.

ಮೂರನೆಯ ಗಿಯರಿನ ಅನುಪಾತ 3 ಆಗಿರಲಿ. ಆಕ್ಸಲಿನದು 5 ಆದರೆ ಒಟ್ಟು 15. ಲಾರಿ ಹೇಗೋ ಏರುತ್ತದೆ, ಆದರೆ ತಿರುವಿನಲ್ಲಿ ಏರು ತುಸು ಕಡಿದಾದರೂ ಸೋಲುತ್ತದೆ. 6 ಆದರೆ ಒಟ್ಟು 18, ಶಕ್ತಿ ಮಿಗುತ್ತದೆ. ಹಾಗಾದರೆ 6 ಅನ್ನೇ ಎಲ್ಲೆಡೆಯೂ ಇಡಬಾರದೇಕೆ? ಸಮತಟ್ಟಿನ ದಾರಿಯಲ್ಲಿ ಮೇಲಿನ ಗಿಯರಿನ ಅನುಪಾತ 1 ಇರುವಾಗ, ಯಂತ್ರವು ನಿಮಿಷಕ್ಕೆ 1,500 ಸುತ್ತು ತಿರುಗಿದರೆ, 5ರ ಆಕ್ಸಲಿನಿಂದ ಗಂಟೆಗೆ ಸುಮಾರು 56 ಕಿಲೋಮೀಟರು ವೇಗ ಲಭಿಸುತ್ತದೆ. 6ರಿಂದ 47 ಮಾತ್ರ. ಘಾಟಿಯಲ್ಲಿ ಗಳಿಸಿದುದಕ್ಕೆ ಬಯಲಿನಲ್ಲಿ ಬೆಲೆ ತೆರಬೇಕು. ಆದುದರಿಂದ ಲಾರಿಯು ದಿನವೂ ಓಡುವ ದಾರಿಯನ್ನು ನೋಡಿ ಆಕ್ಸಲನ್ನು ಆರಿಸಬೇಕು.

ಇಳಿಯುವಾಗಲಂತೂ ಇದು ಪ್ರಾಣದ ಪ್ರಶ್ನೆ. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು 1,000 ಮೀಟರು ಇಳಿಯುವ ನಮ್ಮ ಲಾರಿ ಕಳೆದುಕೊಳ್ಳಬೇಕಾದ ಶಕ್ತಿ 24.5 ಕೋಟಿ ಜೂಲ್. 800 ಲೀಟರು ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು! ಗಿಯರನ್ನು ತಪ್ಪಿಸಿ ನ್ಯೂಟ್ರಲಿನಲ್ಲಿ ಇಳಿದರೆ ಇದರ ಬಹುಭಾಗ ಬ್ರೇಕುಗಳ ಮೇಲೆಯೇ ಬೀಳುತ್ತದೆ. ಅತಿಯಾಗಿ ಕಾದ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ. ಕೆಳಗಿನ ಗಿಯರಿನಲ್ಲಿದ್ದರೆ ಚಕ್ರಗಳೇ ಯಂತ್ರವನ್ನು ತಿರುಗಿಸಬೇಕಾಗುತ್ತದೆ. ಯಂತ್ರದ ತಡೆಯು ಅದೇ ಅನುಪಾತದಿಂದ ಗುಣಿತವಾಗಿ ಚಕ್ರಗಳನ್ನು ಹಿಡಿಯುತ್ತದೆ. ಹತ್ತಲು ಬಲ ಕೊಟ್ಟ ಗಿಯರೇ ಇಳಿಯುವಾಗ ಕಡಿವಾಣ. ಹತ್ತಿದ ಗಿಯರಿನಲ್ಲಿಯೇ, ಬೇಕಾದರೆ ಅದಕ್ಕಿಂತಲೂ ಕೆಳಗಿನದರಲ್ಲಿ, ಇಳಿಯಬೇಕೆಂದು ಅನುಭವಿ ಚಾಲಕರು ಹೇಳುವ ಮಾತಿನಲ್ಲಿ ಅಡಗಿರುವ ಭೌತಶಾಸ್ತ್ರ ಇದೇ.

ಏರು 10 ಮೀಟರಿಗೆ 1 ಮೀಟರಾದರೆ ಮೇಲಿನ 18ರ ಅನುಪಾತ ಸಾಕಾದೀತೇ? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ.