ಪಿಕಪ್ಪಿನ ಹಿಂದೆ ಜನರೇಟರ್

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಮದುವೆಯ ಶಾಮಿಯಾನ ಎದ್ದ ಕಡೆಯೆಲ್ಲ ಒಂದು ಜನರೇಟರ್ ಬಂದು ನಿಲ್ಲುತ್ತದೆ. ಅದು ಬರುವ ರೀತಿಯೂ ಹೆಚ್ಚುಕಡಿಮೆ ಒಂದೇ: ಪಿಕಪ್ಪಿನ ತುಂಬ ಕಬ್ಬಿಣದ ಪೈಪು, ಕುರ್ಚಿ, ಅದರ ಮೇಲೆ ಹುಡುಗರು (ಹಾಗೆ ಕೂರುವುದೇ ತಪ್ಪು, ಆ ಮಾತು ಬೇರೆ), ಹಿಂದೆ ಎರಡು ಚಕ್ರದ ಟ್ರೇಲರ್ ಮೇಲೆ ಜನರೇಟರ್. ‘ಗಾಡಿ ಎಳೆಯುತ್ತಲ್ಲ, ಇನ್ನೇನು?’ ಎನ್ನುವುದು ಎಲ್ಲರ ಸಮಾಧಾನ. ಇದನ್ನೆಲ್ಲ ನೋಡುತ್ತ, ಓದುತ್ತ ನನಗೆ ಖಚಿತವಾದದ್ದು ಇಷ್ಟು: ಎಂಜಿನ್ ಎಷ್ಟು ಎಳೆಯುತ್ತದೆ ಎಂಬ ಲೆಕ್ಕದಿಂದ ಮಿತಿ ಗೊತ್ತಾಗುವುದಿಲ್ಲ. ಬ್ರೇಕು ಎಷ್ಟನ್ನು ತಡೆಯುತ್ತದೆ, ಕೊಂಡಿ ಎಷ್ಟನ್ನು ತಾಳುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಕಣ್ಣಳತೆಗೆ ತೂಕ ಸಿಕ್ಕುವುದಿಲ್ಲ. 2005ರಲ್ಲಿ ಬಂದ ಟಾಟಾ ಏಸ್ ಹೊರುವುದು ಸುಮಾರು 750 ಕಿಲೋ. ಅಂದರೆ ಹದಿನೈದು ಸಿಮೆಂಟ್ ಮೂಟೆಗೆ ಭರ್ತಿ. ಅದಕ್ಕಿಂತ ದೊಡ್ಡ ಪಿಕಪ್‌ಗಳೂ ಹೊರುವುದು ಒಂದೆರಡು ಟನ್ನಿನೊಳಗೆ. ದೊಡ್ಡ ಕಾರ್ಯಕ್ರಮಕ್ಕೆ ತರಿಸುವ ಜನರೇಟರ್ ಒಂದರ ತೂಕವೇ ಒಂದು ಟನ್ ದಾಟುತ್ತದೆ. ಟ್ರೇಲರ್ ಹಿಂದೆ ಉರುಳುತ್ತದೆಯಾದ್ದರಿಂದ ಅದರ ಭಾರ ಗಾಡಿಗೆ ತಟ್ಟುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಒಂದು ಪಾಲು ಟ್ರೇಲರಿನ ಮೂತಿಯ ಮೂಲಕ ಕೊಂಡಿಯ ಮೇಲೆ ಕೂರುತ್ತದೆ, ಅದೂ ಪಿಕಪ್ ಹೊರುವ ಲೆಕ್ಕಕ್ಕೇ ಸೇರುತ್ತದೆ. ಮೂತಿ ತೀರ ಭಾರವಾದರೆ ಗಾಡಿಯ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ತೀರ ಹಗುರವಾದರೆ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸುತ್ತದೆ. ಇನ್ನು ಬ್ರೇಕು. ನಾನು ಕಂಡ ಇಂಥ ಟ್ರೇಲರ್‌ಗಳಲ್ಲಿ ಸ್ವಂತ ಬ್ರೇಕು ಇದ್ದದ್ದು ಅಪರೂಪ. ಹತ್ತಡಿಗೆ ಒಂದಡಿ ಇಳಿಯುವ ರಸ್ತೆಯಲ್ಲಿ ಒಂದೂವರೆ ಟನ್ನಿನ ಟ್ರೇಲರ್ ಸುಮಾರು 150 ಕಿಲೋ ಭಾರದಷ್ಟು ಬಲದಿಂದ ಮುಂದಿನ ಗಾಡಿಯನ್ನು ನೂಕುತ್ತಲೇ ಇರುತ್ತದೆ, ನಿಂತಿದ್ದರೂ ಸರಿ. ಬಗ್ಗಿ ಕೊಂಡಿ ನೋಡಿದರೆ ಬಂಪರಿಗೆ ವೆಲ್ಡ್ ಮಾಡಿದ ಪಟ್ಟಿ, ಪಿನ್ನು ಜಾರದಂತೆ ಸುತ್ತಿದ ಬೈಂಡಿಂಗ್ ವೈರು. ಪಿನ್ನು ಕಳಚಿದರೆ ಹಿಡಿಯಬೇಕಾದ ಸರಪಣಿಯ ಸುಳಿವಿಲ್ಲ, ಹಿಂದಿನ ದೀಪದ ವೈರು ನೇತಾಡುತ್ತಿರುತ್ತದೆ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್‌ಗೂ ನೋಂದಣಿ ಬೇಕು. 113ನೇ ಕಲಮಿನ ಪ್ರಕಾರ ಗಾಡಿಯಾಗಲಿ ಟ್ರೇಲರಾಗಲಿ ತನ್ನ ನೋಂದಣಿ ಪತ್ರದಲ್ಲಿ (ಆರ್‌ಸಿ) ಬರೆದ ಒಟ್ಟು ತೂಕ ಮೀರುವಂತಿಲ್ಲ. ಮೀರಿದ್ದಕ್ಕೆ 2019ರ ತಿದ್ದುಪಡಿ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ದಂಡ ಇಟ್ಟಿದೆ. ಗಾಡಿ ತೂಗಲು ಒಪ್ಪದಿದ್ದರೆ 40,000. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ವಾಹನದ (ಎಲ್‌ಎಂವಿ) ಲೈಸೆನ್ಸಿನವರು 7,500 ಕಿಲೋದೊಳಗಿನ ಸಾರಿಗೆ ವಾಹನ ಓಡಿಸಬಹುದು ಎಂದಿತು. ಅದು ಚಾಲಕನ ಅರ್ಹತೆಯ ಮಾತು. ಪಿಕಪ್ಪಿಗೆ 7,500 ಕಿಲೋ ಕಟ್ಟಬಹುದೆಂದು ಅರ್ಥ ಮಾಡಿಕೊಂಡವರಿದ್ದರೆ ಎರಡನ್ನೂ ಬೆರೆಸಿದ್ದಾರೆ. ಎಳೆಯುವ ತೂಕವನ್ನು ತಯಾರಕರು ಬರೆದುಕೊಡದ ಗಾಡಿಗೆ ಮಿತಿ ಸೊನ್ನೆಯೆಂದೇ ಎಣಿಸಬೇಕು ಎನ್ನುವುದು ನನ್ನ ನಿಲುವು. ಗ್ಯಾರೇಜಿನ ವೆಲ್ಡಿಂಗ್ ಅದನ್ನು ಹೆಚ್ಚಿಸಲಾರದು.

ಈ ಗಲ್ಲಿಗಳಲ್ಲಿ ಇಪ್ಪತ್ತು ಕಿಲೋಮೀಟರ್ ವೇಗವೂ ಸಿಗುವುದಿಲ್ಲ, ಇರುವುದೇ ಎರಡು ಮೈಲಿ ದಾರಿ, ಇಷ್ಟೆಲ್ಲ ಯಾಕೆ ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ. ವೇಗ ಅರ್ಧವಾದರೆ ಡಿಕ್ಕಿಯ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಆದರೆ ಇಳಿಜಾರಿನ ನೂಕು ವೇಗ ಕೇಳುವುದಿಲ್ಲ; ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಗಾಡಿಯ ಮುಂದೆ ಇರುವುದು ಜನ. ಮೇಲಾಗಿ ಜನರೇಟರ್ ವಾಪಸು ಹೋಗುವುದು ಕಾರ್ಯಕ್ರಮ ಮುಗಿದ ಮೇಲೆ, ರಸ್ತೆ ಖಾಲಿಯಾದ ಹೊತ್ತಿನಲ್ಲಿ. ಆಗ ಯಾರೂ ಇಪ್ಪತ್ತರಲ್ಲಿ ಓಡಿಸುವುದಿಲ್ಲ. ಬಡ ಗಾಡಿಯವನು ಎರಡು ಟ್ರಿಪ್ಪಿನ ಡೀಸೆಲ್ ಎಲ್ಲಿಂದ ತರಬೇಕು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಒಪ್ಪಬೇಕಾದದ್ದೇ. ಕಡಿಮೆ ಬಾಡಿಗೆಗೆ ಚೌಕಾಸಿ ಮಾಡಿ ಒಂದೇ ಟ್ರಿಪ್ಪಿಗೆ ಅವನನ್ನು ದೂಡುವವರು ನಾವೇ, ಅಂದರೆ ಸಮಿತಿಯವರು, ಮದುವೆ ಮನೆಯವರು. ಕಾಯ್ದೆ ಸಾಮಾನ್ಯವಾಗಿ ಹಿಡಿಯುವುದು ಮಾತ್ರ ಚಾಲಕನನ್ನು, ಮಾಲೀಕನನ್ನು. ಹಾಗಾಗಿ ಅಡ್ವಾನ್ಸ್ ಕೊಡುವಾಗಲೇ ಎರಡೂ ಆರ್‌ಸಿ, ಟ್ರೇಲರಿನ ಹೆಸರಿರುವ ವಿಮೆ ಕೇಳುವುದು, ಸಾಮಾನಿಗೆ ಬೇರೆ ಟ್ರಿಪ್ಪಿನ ಬಾಡಿಗೆ ಬರೆಯುವುದು, ಸಾಧ್ಯವಾದರೆ ಲಾರಿಯ ಮೇಲೆಯೇ ಕೂರಿಸಿದ ಜನರೇಟರ್ ಗೊತ್ತು ಮಾಡುವುದು ಸಮಿತಿಯ ಕೆಲಸ. ಹೂವಿನ ಅಲಂಕಾರದ ಬಾಬ್ತಿನಲ್ಲಿ ಸ್ವಲ್ಪ ಕಡಿತವಾದರೂ ಸರಿಯೆ.