ಒಣಗಿದ ಗರಿ ಎಸೆಯಬೇಡಿ

ಕಡೂರು, ತರೀಕೆರೆ, ಅಜ್ಜಂಪುರದ ಕಥೋಲಿಕ ಬಂಧುಗಳೇ, ಗರಿಗಳ ಭಾನುವಾರ ತಂದು ಶಿಲುಬೆಯ ಹಿಂದೆ ಸಿಕ್ಕಿಸಿದ ಗರಿ ಈಗ ಒಣಗಿ ಧೂಳು ಹಿಡಿದಿರುತ್ತದೆ. ಕಸಕ್ಕೆ ಹಾಕಬೇಡಿ. ತಪಸ್ಸು ಕಾಲಕ್ಕೆ ಮುಂಚೆ ಚರ್ಚಿಗೆ ಕೊಡಿ. ಅಂಥ ಗರಿ ಸುಟ್ಟ ಬೂದಿಯೇ ವಿಭೂತಿ ಬುಧವಾರ ನಮ್ಮ ಹಣೆಗೆ ಬರುವುದು. ಮಕ್ಕಳ ಕೈಯಲ್ಲೇ ಕೊಡಿಸಿ, ಯಾಕೆಂದು ತಿಳಿಹೇಳಿ. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ 1963ರಲ್ಲೇ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆಗೆ ಒಪ್ಪಿಗೆ ಕೊಟ್ಟಿತು. ಕನ್ನಡದಲ್ಲೇ ಪ್ರಾರ್ಥಿಸುವ ನಮಗೆ ಅರ್ಥ ಗೊತ್ತಿಲ್ಲ ಎನ್ನುವ ನೆಪ ಉಳಿದಿಲ್ಲ.

ಇನ್ನು ಉಪವಾಸ. ಶುಕ್ರವಾರ ಮಾಂಸ ಬಿಟ್ಟು ಅದೇ ದುಡ್ಡಿಗೆ ಸಿಹಿ ತಂದರೆ ಏನು ಬಂತು? ಉಳಿದ ಹಣದಲ್ಲಿ ರಾಗಿ ಕೊಂಡು, ಕೂಲಿಗೆ ಹೋಗಲಾಗದೆ ಮಲಗಿದ ನೆರೆಯವರಿಗೆ ಕೊಡಿ. ಅವರ ಧರ್ಮ ಕೇಳಬೇಡಿ. ಕೊಟ್ಟದ್ದನ್ನು ವಾಟ್ಸಾಪಿಗೂ ಹಾಕಬೇಡಿ.