ಕೇಳಿಕೆಯ ರಾತ್ರಿಗೆ ತಕ್ಕ ಕ್ಯಾಮರಾ

ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುವ ನಂಗಲಿಯು ಇಂದು ಮುಳುಬಾಗಿಲು ತಾಲ್ಲೂಕಿನ ಗಡಿಯ ಊರು. ಬೆಂಗಳೂರಿನಿಂದ ಚಿತ್ತೂರಿಗೆ ಹೋಗುವ ಹೆದ್ದಾರಿಯು ಇದನ್ನು ದಾಟಿದ ಸ್ವಲ್ಪದರಲ್ಲಿಯೇ ಆಂಧ್ರಪ್ರದೇಶವನ್ನು ಹೊಗುತ್ತದೆ. ಇಲ್ಲಿಯ ಜಗಲಿಗಳ ಮೇಲೆ ಕನ್ನಡವೂ ತೆಲುಗೂ ಒಟ್ಟಿಗೆ ಕುಳಿತು ಮಾತನಾಡುತ್ತವೆ. ಕೇಳಿಕೆಯೆಂಬ ರಾತ್ರಿಯ ಆಟದಲ್ಲಿಯೂ ಹಾಗೆಯೇ.

ಈ ಸೀಮೆಯ ಒಂದು ಹಳ್ಳಿಯ ಹಿರಿಯರು ನಮ್ಮಲ್ಲಿಗೆ ಬಂದಿದ್ದರು. ಅವರ ಮೇಳದ ಭಾಗವತರಿಗೆ ಎಂಬತ್ತರ ಹತ್ತಿರ ವಯಸ್ಸು. ಆಟದ ಪದಗಳಲ್ಲಿ ಅರ್ಧಕ್ಕರ್ಧ ಯಾವ ಪುಸ್ತಕದಲ್ಲಿಯೂ ಇಲ್ಲ, ಅವರ ಕಂಠದಲ್ಲಿವೆ. ಅಮೆರಿಕದಲ್ಲಿ ನೆಲೆಸಿದ ಊರಿನ ಹುಡುಗನೊಬ್ಬ ತಂದ ಕ್ಯಾಮರಾದಿಂದ ಒಮ್ಮೆ ಇಡೀ ರಾತ್ರಿ ಚಿತ್ರಿಸಿದ್ದುಂಟು. ಬೆಳಗ್ಗೆ ನೋಡಿದರೆ ವೇಷಗಳ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತಿದ್ದುವು. ನೆರಳಿನಲ್ಲೆಲ್ಲ ರಾಗಿ ಚೆಲ್ಲಿದಂತೆ ಕಾಳು ಕಾಳು. ಹಾಡಿನ ಅಡಿಯಲ್ಲಿ ಗುಂಯ್ ಎಂಬ ಬಿಡದ ಶ್ರುತಿ. ಈಗ ಊರವರು ಟೊಮೇಟೊ ಹಣದಲ್ಲಿ ವಂತಿಗೆ ಕೂಡಿಸಿ, ವೃತ್ತಿಪರರು ಬಳಸುವ ಹೈ ಡೆಫನಿಷನ್ ಕ್ಯಾಮ್‌ಕಾರ್ಡರ್ ಒಂದನ್ನು ಕೊಳ್ಳಲು ಹೊರಟಿದ್ದರು. “ಪಿಕ್ಸೆಲ್ ಜಾಸ್ತಿ ಇರೋದನ್ನೇ ತರೋಣವಾ ಮೇಷ್ಟ್ರೇ?” ಎಂಬುದು ಅವರ ಪ್ರಶ್ನೆ. ಆ ಮೂರು ಕೇಡುಗಳಲ್ಲಿ ಒಂದಾದರೂ ಪಿಕ್ಸೆಲ್ಲಿನ ಕೊರತೆಯಿಂದ ಬಂದುದಲ್ಲವೆಂದು ವಿವರಿಸಲು ನಮಗೆ ಒಂದು ಸಂಜೆ ಹಿಡಿಯಿತು.

ಹೈ ಡೆಫನಿಷನ್ ಎಂದರೆ ಅಡ್ಡಲಾಗಿ ೧೯೨೦, ನೆಟ್ಟಗೆ ೧೦೮೦ ಬಿಂದುಗಳು; ಒಟ್ಟು ಇಪ್ಪತ್ತು ಲಕ್ಷಕ್ಕೆ ತುಸು ಹೆಚ್ಚು. ನಮ್ಮ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿಗಿಂತ ಕಿರಿದಾದ ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ಕಾಣಲಾರದು. ಇದರಂತೆ ಲೆಕ್ಕ ಹಾಕಿದರೆ, ಪರದೆಯ ಎತ್ತರದ ಮೂರು ಪಟ್ಟಿಗಿಂತ ಸ್ವಲ್ಪ ಆಚೆ ಕುಳಿತವನಿಗೆ ೧೦೮೦ ಗೆರೆಗಳೇ ಸಾಕು. ನಲವತ್ತು ಸೆಂಟಿಮೀಟರ್ ಎತ್ತರದ ಪರದೆಯನ್ನು ಮನೆಯ ನಡುಕೋಣೆಯ ಮತ್ತೊಂದು ತುದಿಯಿಂದ ನೋಡುವವರು ನಾಲ್ಕು ಪಟ್ಟು ಪಿಕ್ಸೆಲ್ಲುಗಳಿಗೆ ಕೊಟ್ಟ ಹಣವನ್ನು ಕಣ್ಣಿನಿಂದ ವಸೂಲು ಮಾಡಲಾರರು.

ಈಗ ಆ ರಾಗಿಕಾಳುಗಳ ವಿಚಾರ. ತುಂತುರು ಮಳೆಯಲ್ಲಿ ಅಂಗಳದಲ್ಲಿ ಒಂದೇ ಅಳತೆಯ ಬಟ್ಟಲುಗಳನ್ನು ಸಾಲಾಗಿಟ್ಟು, ಒಂದೊಂದರಲ್ಲಿ ಬಿದ್ದ ಹನಿಗಳನ್ನು ಎಣಿಸಿರಿ. ಎಲ್ಲದರಲ್ಲಿಯೂ ಸಮನಾಗಿ ಬಿದ್ದಿರುವುದಿಲ್ಲ. ಸರಾಸರಿ ೧೦೦ ಹನಿಗಳಿದ್ದರೆ ಹೆಚ್ಚುಕಡಿಮೆ ಹತ್ತರಷ್ಟು ಏರುಪೇರು, ಅಂದರೆ ನೂರಕ್ಕೆ ಹತ್ತು. ೧೦,೦೦೦ ಹನಿಗಳಿದ್ದರೆ ನೂರರಷ್ಟು ಏರುಪೇರು, ಅಂದರೆ ನೂರಕ್ಕೆ ಒಂದೇ. ಏರುಪೇರು ಸಂಖ್ಯೆಯ ವರ್ಗಮೂಲದಷ್ಟಿರುವುದು ಇಲ್ಲಿಯ ನಿಯಮ. ಬೆಳಕೂ ಹನಿ ಹನಿಯಾಗಿಯೇ ಬೀಳುತ್ತದೆ. ಆ ಹನಿಗೆ ಫೋಟಾನ್ ಎಂದು ಹೆಸರು. ಬೆಳಕು ಸಾಲದಿದ್ದಾಗ ಕ್ಯಾಮರಾದ ‘ಗೇನ್’ ಏರಿಸಿದರೆ ಚಿತ್ರವೇನೋ ಬೆಳಗುತ್ತದೆ, ಆದರೆ ಏರುಪೇರೂ ಅದರೊಡನೆಯೇ ಹಿಗ್ಗುತ್ತದೆ. ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು ಬೆಳಕನ್ನು ಹಿಡಿಯುವ ಸೆನ್ಸರಿನ ವಿಸ್ತಾರವನ್ನು.

ಆದರೆ ಅಂಗಡಿಯವರು ಹೇಳುವ ‘ಒಂದಂಗುಲ’ದ ಸೆನ್ಸರಿನಲ್ಲಿ ಎಲ್ಲಿ ಅಳೆದರೂ ಒಂದಂಗುಲ ಸಿಕ್ಕುವುದಿಲ್ಲ! ಅದರ ಅಳತೆ ೧೩.೨ ಮಿಲಿಮೀಟರ್ ಅಗಲ, ೮.೮ ಎತ್ತರ. ಹಿಂದಿನ ಟೆಲಿವಿಷನ್ ಕ್ಯಾಮರಾಗಳಲ್ಲಿದ್ದ ವಿಡಿಕಾನ್ ಎಂಬ ಗಾಜಿನ ನಳಿಗೆಯ ಹೊರಗಣ ವ್ಯಾಸ ಒಂದಂಗುಲ. ಒಳಗೆ ಬಿಂಬ ಮೂಡುತ್ತಿದ್ದ ಜಾಗ ಅದಕ್ಕಿಂತ ಬಹಳ ಚಿಕ್ಕದು. ನಳಿಗೆ ಹೋಯಿತು, ಹೆಸರು ಉಳಿಯಿತು. ‘ಮೂರನೆಯ ಒಂದಂಗುಲ’ದ್ದು ೪.೮ಕ್ಕೆ ೩.೬ ಮಿಲಿಮೀಟರ್ ಮಾತ್ರ. ಗುಣಿಸಿ ನೋಡಿದರೆ ೧೧೬ ಮತ್ತು ೧೭ ಚದರ ಮಿಲಿಮೀಟರ್. ಒಂದೇ ನೋಟ, ಒಂದೇ ದ್ಯುತಿರಂಧ್ರವಿರುವಾಗ ದೊಡ್ಡದು ಆರು ಪಟ್ಟಿಗೂ ಮಿಕ್ಕು ಬೆಳಕನ್ನು ಕೂಡಿಸುತ್ತದೆ. ಚಿಕ್ಕ ಸೆನ್ಸರಿನ ಪರವಾಗಿ ಹೇಳಬೇಕಾದ ಮಾತೂ ಒಂದುಂಟು. ಕೆಲವು ಕ್ಯಾಮ್‌ಕಾರ್ಡರುಗಳಲ್ಲಿ ಪಟ್ಟಕವು ಬೆಳಕನ್ನು ಕೆಂಪು, ಹಸುರು, ನೀಲಿಯಾಗಿ ಒಡೆದು ಮೂರು ಸೆನ್ಸರುಗಳಿಗೆ ಹಂಚುತ್ತದೆ. ಒಂದೇ ಸೆನ್ಸರಿದ್ದರೆ ಬಣ್ಣದ ಶೋಧಕಗಳು ಬೆಳಕಿನ ಬಹುಭಾಗವನ್ನು ತಾವೇ ನುಂಗುತ್ತವೆ. ಪಟ್ಟಕದಲ್ಲಿ ಆ ನಷ್ಟ ಕಡಮೆ.

ಮಸೂರದ ವಿಷಯದಲ್ಲಿ ಎಚ್ಚರ ಬೇಕಾದುದು ಒಂದೇ ಕಡೆ. ಎಫ್ ಸಂಖ್ಯೆ ಹೆಚ್ಚಿದಂತೆ ಬೆಳಕು ಅದರ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. ಎಫ್/೧.೮ ಎಂದು ಹೊರಗೆ ಬರೆದ ಝೂಮ್ ಮಸೂರವು ದೂರದ ತುದಿಗೆ ಹೋಗುವಷ್ಟರಲ್ಲಿ ಎಫ್/೪ ಆಗುವುದಾದರೆ ಉಳಿಯುವ ಬೆಳಕು ಐದನೆಯ ಒಂದು ಪಾಲು. ಕೇಳಿಕೆಯಲ್ಲಿ ಕ್ಯಾಮರಾ ನಿಲ್ಲುವುದು ಜನರ ಹಿಂದೆ; ಭಾಗವತರ ಮುಖ ಬೇಕಾದರೆ ಆ ತುದಿಯೇ ಗತಿ.

ಇನ್ನು ಕಪ್ಪು ಪಟ್ಟಿಗಳು. ಅಮೆರಿಕದ ಕ್ಯಾಮರಾದಲ್ಲಿ ಕೆಟ್ಟುಹೋದುದು ಏನೂ ಇರಲಿಲ್ಲ. ನಮ್ಮ ದೇಶದ ಪರ್ಯಾಯ ವಿದ್ಯುತ್ಪ್ರವಾಹವು ಸೆಕೆಂಡಿಗೆ ೫೦ ಆವರ್ತಗಳದು, ಅಮೆರಿಕದ್ದು ೬೦. ಒಂದು ಆವರ್ತದಲ್ಲಿ ಪ್ರವಾಹ ಎರಡು ಬಾರಿ ಏರಿ ಇಳಿಯುವುದರಿಂದ ನಮ್ಮ ದೀಪಗಳು ಸೆಕೆಂಡಿಗೆ ೧೦೦ ಸಲ ಮಿನುಗುತ್ತವೆ. ಹಿಂದಿನ ಬಲ್ಬಿನ ತಂತಿ ಅಷ್ಟು ಬೇಗ ಆರದು, ಆದುದರಿಂದ ಮಿನುಗು ಅತ್ಯಲ್ಪ. ಅಗ್ಗದ ಎಲ್‌ಇಡಿ ದೀಪವಾದರೋ ಪ್ರತಿ ಸಲವೂ ನಂದಿದಂತೆಯೇ ಆಗಿ ಮತ್ತೆ ಹೊತ್ತುತ್ತದೆ. ಕಣ್ಣಿಗೆ ಇದು ಕಾಣದು. ಆದರೆ ಇಂದಿನ ಸೆನ್ಸರುಗಳಲ್ಲಿ ಬಹಳಷ್ಟು, ಚಿತ್ರವನ್ನು ಒಂದೇ ಏಟಿಗೆ ಹಿಡಿಯದೆ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಓದುತ್ತವೆ. ಪ್ರತಿಗೆರೆಯೂ ೧/೬೦ ಸೆಕೆಂಡು ಬೆಳಕಿಗೆ ತೆರೆದಿದ್ದರೆ, ಅಷ್ಟರಲ್ಲಿ ಸೇರುವುದು ಒಂದು ಮಿನುಗು ಮತ್ತು ಇನ್ನೊಂದರ ಮೂರನೆಯ ಎರಡು ಪಾಲು. ಒಂದು ಗೆರೆಯ ಪಾಲಿಗೆ ಉಜ್ಜ್ವಲ ಭಾಗ ಸಿಕ್ಕಿದರೆ ಮತ್ತೊಂದರ ಪಾಲಿಗೆ ಮಂಕು. ಆ ಮಂಕು ಗೆರೆಗಳ ಗುಂಪೇ ಪಟ್ಟಿ. ೧/೫೦ ಸೆಕೆಂಡು ತೆರೆದರೆ ಎಲ್ಲ ಗೆರೆಗಳಿಗೂ ಸರಿಯಾಗಿ ಎರಡು ಮಿನುಗುಗಳು, ೧/೧೦೦ ತೆರೆದರೆ ಒಂದು, ಪಟ್ಟಿಗೆ ಎಡೆಯಿಲ್ಲ. ಆದುದರಿಂದ ಸೆಕೆಂಡಿಗೆ ೨೫ ಅಥವಾ ೫೦ ಚಿತ್ರಗಳನ್ನು ತೆಗೆಯುವ, ತೆರೆಯುವ ಕಾಲವನ್ನು ಕೈಯಿಂದ ನಿಲ್ಲಿಸಬಹುದಾದ ಕ್ಯಾಮ್‌ಕಾರ್ಡರೇ ನಮಗೆ ಬೇಕು. ವಿದೇಶದಿಂದ ತರಿಸುವವರು ಇದನ್ನು ಮರೆಯಬಾರದು.

ಕರೆಂಟು ಹೋಗಿ ಜನರೇಟರ್ ಹೂಡಿದರೆ ಸಮಸ್ಯೆ ಇನ್ನೂ ಸ್ವಾರಸ್ಯವಾಗುತ್ತದೆ. ಹೊರೆ ಹೆಚ್ಚಿದಾಗ ಯಂತ್ರದ ವೇಗ ಕುಗ್ಗಿ ಆವರ್ತಗಳು ೫೦ರಿಂದ ೪೮ಕ್ಕೆ ಇಳಿಯಬಹುದು. ಆಗ ಮಿನುಗು ೯೬. ಇಂಥ ಕಡೆ ೧/೫೦ ಕೂಡ ಒಪ್ಪುವುದಿಲ್ಲ. ವೃತ್ತಿಪರ ಕ್ಯಾಮರಾಗಳಲ್ಲಿ ಈ ಕಾಲವನ್ನು ಸಣ್ಣಸಣ್ಣ ಮೆಟ್ಟಿಲುಗಳಲ್ಲಿ ತಿದ್ದುವ ಏರ್ಪಾಡಿರುತ್ತದೆ. ಎಣ್ಣೆಯ ಪಂಜಿನ ಬೆಳಕಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಇದಾವುದರ ಗೋಜೂ ಇರಲಿಲ್ಲ, ಕ್ಯಾಮರಾವೂ ಇರಲಿಲ್ಲವೆನ್ನಿ.

ಗುಂಯ್ ಸದ್ದು ಬಂದುದು ದೀಪದ ತಂತಿಯ ಪಕ್ಕದಲ್ಲಿಯೇ ಎಳೆದ ಮೈಕಿನ ತಂತಿಯಿಂದ. ಮೂರು ಸೂಜಿಗಳ ಎಕ್ಸ್‌ಎಲ್‌ಆರ್ ಜೋಡಣೆಯಲ್ಲಿ ಧ್ವನಿಯು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿಯುತ್ತದೆ. ಹೊರಗಿನಿಂದ ನುಸುಳಿದ ಗುಂಯ್ ಎರಡರಲ್ಲಿಯೂ ಒಂದೇ ಸಮನಾಗಿರುತ್ತದೆ. ಕ್ಯಾಮರಾ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಅಳಿದು ಹಾಡು ಇಮ್ಮಡಿಯಾಗುತ್ತದೆ. ಭಾಗವತರಿಗೊಂದು, ಮದ್ದಳೆಗೊಂದು ಎಂದು ಇಂಥ ಎರಡು ಜೋಡಣೆಗಳಾದರೂ ಬೇಕು. ಪದಗಳಿಗಾಗಿಯೇ ಈ ಖರ್ಚಾದುದರಿಂದ ಚಿತ್ರದಲ್ಲಿ ಬೇಕಾದರೆ ಜಿಪುಣತನ ಮಾಡಿ, ಇದರಲ್ಲಿ ಬೇಡ ಎಂದೆವು.

ಸ್ಥಿರಚಿತ್ರದ ಕ್ಯಾಮರಾ ಸಾಲದೆ ಎಂದು ಒಬ್ಬರು ಕೇಳಿದರು. ಅಂಥವುಗಳಲ್ಲಿ ಹಲವು ಅರ್ಧ ಗಂಟೆಗೆ ಒಂದು ಸೆಕೆಂಡು ಮೊದಲೇ ತಾವಾಗಿ ನಿಲ್ಲುತ್ತಿದ್ದುವು. ಕಾರಣ ಭೌತವಿಜ್ಞಾನದ್ದಲ್ಲ; ಯುರೋಪಿನ ಸುಂಕದ ಕಟ್ಟಳೆ ಅದಕ್ಕೂ ಹೆಚ್ಚು ಹೊತ್ತು ಓಡುವುದನ್ನು ವಿಡಿಯೋ ಯಂತ್ರವೆಂದು ಎಣಿಸಿ ತೆರಿಗೆ ಹಾಕುತ್ತಿತ್ತು! ಕ್ಯಾಮ್‌ಕಾರ್ಡರ್ ರಾತ್ರಿಯಿಡೀ ಓಡುತ್ತದೆ. ಸೆಕೆಂಡಿಗೆ ೫೦ ಮೆಗಾಬಿಟ್‌ನಂತೆ ಎಂಟು ಗಂಟೆಗೆ ೧೮೦ ಗಿಗಾಬೈಟ್, ಎಂದರೆ ೬೪ರ ಮೂರು ಕಾರ್ಡುಗಳು. ಒಂದು ತುಂಬಿದೊಡನೆ ಮತ್ತೊಂದಕ್ಕೆ ದಾಟುವ ಜೋಡಿ ಕಂಡಿಯಿದ್ದರೆ ಒಂದು ಪದವೂ ತುಂಡಾಗದು.

ಕೊನೆಗೆ ಒಂದಂಗುಲದ ಒಂದೇ ಸೆನ್ಸರಿರುವುದನ್ನು ಆರಿಸಿದರು. ಹಣ ಕೊಡುವುದಕ್ಕೆ ಮುಂಚೆ ಅದನ್ನು ಎರವಲು ತಂದು, ಶಾಲೆಯ ಅಂಗಳದಲ್ಲಿ ಜನರೇಟರಿನ ದೀಪಗಳ ಕೆಳಗೆ ಪರೀಕ್ಷಿಸಿದೆವು. ೧/೫೦ರಲ್ಲಿ ತೆಳುವಾದ ಪಟ್ಟಿಯೊಂದು ಕಂಡಿತು. ಮೆಟ್ಟಿಲು ಮೆಟ್ಟಿಲಾಗಿ ತಿದ್ದುತ್ತ ೧/೪೮ರ ಬಳಿಗೆ ಬಂದಾಗ ಮಾಯವಾಯಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ಪದವನ್ನು ತಾವೇ ಕೇಳಿದ ಭಾಗವತರು ಚಿತ್ರದ ಕಡೆ ನೋಡಲೇ ಇಲ್ಲ. “ಎರಡನೇ ನುಡೀಲಿ ತಾಳ ಜಾರಿದೆ. ಅಳಿಸಿ ಹಾಕಪ್ಪ, ಇನ್ನೊಂದು ಸಲ ಹೇಳ್ತೀನಿ” ಎಂದರು.